ಕೈ ಕಲಿತದ್ದನ್ನು ಕಸಿಯಬೇಡಿರಿ

ಹೊಸದೆಲ್ಲ ಕೆಟ್ಟದ್ದೆನ್ನುವವನು ನಾನಲ್ಲ. 2015ರಲ್ಲಿ ಐಪ್ಯಾಡಿನ ಪರದೆ ಇಬ್ಭಾಗವಾಗಿ, ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಟಿಪ್ಪಣಿ ತೆರೆಯುವಂತಾದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ಹತ್ತು ವರ್ಷ ಬೆರಳುಗಳು ಆ ಹಾದಿಯಲ್ಲೇ ನಡೆದುವು. 2025ರ ಸೆಪ್ಟೆಂಬರಿನಲ್ಲಿ ಬಂದ ಐಪ್ಯಾಡ್‌ಓಎಸ್ 26 ಆ 'ಸ್ಪ್ಲಿಟ್ ವ್ಯೂ'ವನ್ನೂ, ಅಂಚಿನಿಂದ ಸರಿದು ಬರುವ 'ಸ್ಲೈಡ್ ಓವರ್' ಅನ್ನೂ ತೆಗೆದುಹಾಕಿ, ಹಿಗ್ಗಿಸಿ ಕುಗ್ಗಿಸಬಹುದಾದ ಕಿಟಕಿಗಳನ್ನು ಕೊಟ್ಟಿತು.

ಕಿಟಕಿಗಳು ಒಳ್ಳೆಯವೇ. ಎರಡನ್ನು ಪಕ್ಕಪಕ್ಕ ನಿಲ್ಲಿಸಲೂ ಬರುತ್ತದೆ; ವಾರದೊಳಗೆ ನಾನೂ ಕಲಿತೆ. ಆದರೆ 'ಕಲಿತರಾಯಿತು, ದೂರೇಕೆ?' ಎನ್ನುವ ಮಿತ್ರರನ್ನು ಕೇಳುತ್ತೇನೆ: ರಾತ್ರೋರಾತ್ರಿ ಯಾರೋ ಬಂದು ಅಡಿಗೆಮನೆಯ ಡಬ್ಬಿಗಳ ಸ್ಥಳ ಬದಲಿಸಿಟ್ಟರೆ, ಬೆಳಿಗ್ಗೆ ಒಲೆ ಹಚ್ಚುವವರು ಅದನ್ನು ಸುಧಾರಣೆಯೆಂದು ಒಪ್ಪುವರೆ?

ನವೆಂಬರಿನಲ್ಲಿ, 26.1ರೊಡನೆ, ಸ್ಲೈಡ್ ಓವರ್ ಮರಳಿ ಬಂತು. ಹಿಂದೆ ಹಲವು ಆ್ಯಪ್‌ಗಳು ಕೂಡುತ್ತಿದ್ದಲ್ಲಿ ಒಂದಕ್ಕೆ ಮಾತ್ರ ಜಾಗ. ಎರಡೇ ತಿಂಗಳಲ್ಲಿ ಹಿಂದಿರುಗಿಸಬಹುದಾಗಿದ್ದುದನ್ನು ಮೊದಲು ಕಿತ್ತುಕೊಂಡದ್ದೇಕೆ?

ಹೊಸದನ್ನು ಧಾರಾಳವಾಗಿ ಕೊಡಲಿ. ಹಳೆಯದನ್ನು ಬಿಡುವ ದಿನವನ್ನು ಬಳಸುವವನೇ ಗೊತ್ತುಮಾಡಲಿ. ಯಂತ್ರ ಮಾಡಿದವರು ಅವರು, ನಿಜ; ಅಭ್ಯಾಸ ಮಾತ್ರ ನಮ್ಮ ಗಳಿಕೆ.