ನೋಟಿಸ್ ಬಂದ ಮೇಲೆ ಲೆಕ್ಕದವರನ್ನು ಹುಡುಕುವುದೇಕೆ?

ಘಟ್ಟದ ಮೇಲಿನ ವ್ಯಾಪಾರ ನಮ್ಮ ಬ್ಯಾರಿಗಳಿಗೆ ಹೊಸತಲ್ಲ. ಹೋಟೆಲ್, ಬೇಕರಿ, ಹಣ್ಣು, ಮೀನು, ಗುಜರಿ ಎಂದು ಕರಾವಳಿಯಿಂದ ಹೊರಟವರು ಎಲ್ಲೆಲ್ಲೋ ನೆಲೆ ಕಂಡುಕೊಂಡಿದ್ದಾರೆ. ಚಳ್ಳಕೆರೆ ಎಂದರೆ ಶೇಂಗಾ ಮತ್ತು ಎಣ್ಣೆ ಮಿಲ್ಲುಗಳ ಊರು, ಪಕ್ಕದ ಮೊಳಕಾಲ್ಮೂರು ರೇಷ್ಮೆ ಸೀರೆಯದ್ದು. ಆ ಕಡೆಯ ನನ್ನಿವಾಳದಂಥ ಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ಸಣ್ಣ ಬೇಕರಿ ಇಟ್ಟ ಅಂತಿಟ್ಟುಕೊಳ್ಳಿ. ಅವನಿಗೆ ಗಿರಾಕಿ ಹಿಡಿಯುವುದು ಗೊತ್ತು, ಹತ್ತು ರೂಪಾಯಿಯ ಚಹಾಕ್ಕೂ ಗೋಡೆಯ ಕ್ಯೂಆರ್ ಕೋಡ್ ತೋರಿಸುವುದು ಗೊತ್ತು. ವರ್ಷದ ಒಟ್ಟು ವಹಿವಾಟು ಎಷ್ಟು ಎಂದು ಕೇಳಿದರೆ ಮಾತ್ರ "ಅದೆಲ್ಲ ನಮ್ಮ ಲೆಕ್ಕದವರು ನೋಡ್ಕೊಳ್ತಾರೆ" ಎಂಬ ಉತ್ತರ. ಆ ಲೆಕ್ಕದವರು ಯಾರು, ಏನು ಓದಿದ್ದಾರೆ, ಯಾರಿಗೆ ಉತ್ತರ ಕೊಡಬೇಕಾದವರು ಎಂದು ಕೇಳಿದವರೇ ಇಲ್ಲ.

ಕೇಳಬೇಕಾದ ಕಾಲ 2025ರ ಜುಲೈಯಲ್ಲಿ ಬಂತು. ಯುಪಿಐ ಮೂಲಕ ಬಂದ ಹಣವನ್ನೇ ಆಧಾರ ಮಾಡಿಕೊಂಡು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿಯವರೆಲ್ಲ ಕಂಗಾಲಾದರು. ಬೆಂಗಳೂರಿನಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಎದ್ದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷ ತೆರಿಗೆ ಕಟ್ಟಿ ಎಂಬ ನೋಟಿಸ್! ಗುಣಿಸಿ ನೋಡಿ, ಅದು ಹೆಚ್ಚುಕಡಿಮೆ ಶೇ. 18. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. 25ಕ್ಕೆ ಕರೆದಿದ್ದ ಬಂದ್ ಕೈಬಿಟ್ಟಿತು.

ಇಲಾಖೆಯ ಅವಸರ ತಪ್ಪು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನೋಟಿಸ್ ಕೈಗೆ ಬಂದಾಗ ಉತ್ತರ ಬರೆಯಲು ನಮ್ಮ ಬಳಿ ಕಾಗದ ಇತ್ತಾ? ಅಂಗಡಿಯ ಕ್ಯೂಆರ್‌ಗೇ ದುಬೈಯಲ್ಲಿರುವ ಕಾಕ ಕಳಿಸಿದ ಕೈಸಾಲ ಬರುತ್ತದೆ, ಚೀಟಿ ಹಣ ಬರುತ್ತದೆ, ಅಕ್ಕನ ಮಗಳ ಮದುವೆಗೆ ಒಟ್ಟು ಮಾಡಿದ್ದೂ ಬರುತ್ತದೆ. ಕಂಪ್ಯೂಟರಿಗೆ ಇದೆಲ್ಲ ವ್ಯಾಪಾರವೇ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 1.5 ಕೋಟಿಯೊಳಗಿನ ವ್ಯಾಪಾರಿಗೆ ರಾಜಿ ತೆರಿಗೆ ಪದ್ಧತಿ ಇದೆ, ಮದ್ಯ ಮಾರದ ಹೋಟೆಲಿಗೂ ಅದರಲ್ಲಿ ಶೇ. 5 ಅಷ್ಟೇ. ಇಷ್ಟನ್ನು ಮೊದಲೇ ಹೇಳುವವರು ಒಬ್ಬರಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಆ ತಿಂಗಳ ನಿದ್ದೆ ಕೆಡುತ್ತಿರಲಿಲ್ಲ.

ಲೆಕ್ಕ ಬರೆಯುವವರೆಲ್ಲ ಸಿಎಗಳಲ್ಲ. ಟ್ಯಾಲಿ ಕಲಿತವರಿದ್ದಾರೆ, ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ನೋಂದಾಯಿಸಿಕೊಂಡವರಿದ್ದಾರೆ. ಅವರಲ್ಲಿ ಪ್ರಾಮಾಣಿಕರು ಬೇಕಾದಷ್ಟು. ಆದರೆ ಚಾರ್ಟರ್ಡ್ ಅಕೌಂಟೆಂಟ್ ಎಂಬ ಹೆಸರು 1949ರ ಕಾಯ್ದೆಯಡಿ ಹುಟ್ಟಿದ ಐಸಿಎಐ ಸಂಸ್ಥೆಯ ಸದಸ್ಯರದ್ದು ಮಾತ್ರ. ತಪ್ಪು ಮಾಡಿದವರ ಮೇಲೆ ಅಲ್ಲಿ ದೂರು ಕೊಡಬಹುದು. ತಮ್ಮವರನ್ನು ತಾವೇ ವಿಚಾರಿಸುವುದು ಹೇಗೆ ಸಾಕಾದೀತು ಎಂಬ ಪ್ರಶ್ನೆ 2009ರ ಸತ್ಯಂ ಹಗರಣದ ನಂತರ ಜೋರಾಗಿ ಎದ್ದು, 2018ರಲ್ಲಿ ದೊಡ್ಡ ಕಂಪನಿಗಳ ಲೆಕ್ಕ ಪರಿಶೋಧಕರ ಮೇಲೆ ಕಣ್ಣಿಡಲು ಎನ್‌ಎಫ್‌ಆರ್‌ಎ ಎಂಬ ಪ್ರಾಧಿಕಾರ ಬಂತು. ನಮ್ಮ ಬೇಕರಿಗೂ ಅದಕ್ಕೂ ಸಂಬಂಧ ಇಲ್ಲ, ಬಿಡಿ.

ನಮಗೆ ಸಂಬಂಧ ಇರುವುದು ಯುಡಿಐಎನ್. ಮಗನ ವಿದೇಶಿ ಓದಿಗೆ ಆಸ್ತಿ ಮೌಲ್ಯದ ಪ್ರಮಾಣಪತ್ರ, ಬ್ಯಾಂಕ್ ಸಾಲಕ್ಕೆ ಆದಾಯದ ಪತ್ರ ಎಂದು ಸಿಎ ಸಹಿಗಾಗಿ ಓಡುತ್ತೇವಲ್ಲ, 2019ರ ಫೆಬ್ರವರಿಯಿಂದ ಅಂಥ ಪ್ರತಿ ಪತ್ರದಲ್ಲೂ 18 ಅಂಕಿ-ಅಕ್ಷರಗಳ ಆ ಸಂಖ್ಯೆ ಇರಲೇಬೇಕು. ಐಸಿಎಐ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ನೋಡಬಹುದು. ಸಹಿ, ಸೀಲು ಎರಡೂ ಇದ್ದು ಸಂಖ್ಯೆ ಇಲ್ಲ ಎಂದರೆ ದುಡ್ಡು ಕೊಡುವ ಮೊದಲು ಕೇಳಿ. ನಕಲಿ ಪತ್ರ ಬ್ಯಾಂಕಿನಲ್ಲಿ ಸಿಕ್ಕಿಬಿದ್ದರೆ ಪೇಚಾಟ ನಮಗೇ.

ಇನ್ನು ಮಕ್ಕಳ ಓದು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಅಂಕ ಬಂದರೆ ಸೈನ್ಸ್, ಇಲ್ಲದಿದ್ದರೆ ಕಾಮರ್ಸ್ ಎಂಬ ಲೆಕ್ಕಾಚಾರ ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ವ್ಯಾಪಾರವನ್ನೇ ನಂಬಿ ಬದುಕಿದ ಸಮುದಾಯಕ್ಕೆ ಕಾಮರ್ಸ್ ಎರಡನೇ ದರ್ಜೆಯಾದದ್ದು ವಿಚಿತ್ರವೇ ಸರಿ. ಪಿಯುಸಿ ಆದ ಮೇಲೆ ಫೌಂಡೇಶನ್ ಬರೆಯಬಹುದು. ಕಾಮರ್ಸ್ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಬಂದವರಿಗೆ ನೇರವಾಗಿ ಇಂಟರ್‌ಮೀಡಿಯೆಟ್. 2023ರ ಜುಲೈಯಿಂದ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಪರೀಕ್ಷೆಗಳೂ ಈಗ ವರ್ಷಕ್ಕೆ ಮೂರು ಸಲ. ಹಾಗೆಂದು ಸುಲಭ ಎಂದಲ್ಲ. ಪಾಸಾಗುವವರು ಕಮ್ಮಿ, ಎರಡು ಮೂರು ಸಲ ಬಿದ್ದವರು ಎದ್ದು ನಿಲ್ಲಲು ಮನೆಯವರ ತಾಳ್ಮೆ ಬೇಕು. ನನ್ನಿವಾಳದ ಹುಡುಗನಿಗೆ ಕಷ್ಟ ಇನ್ನೊಂದು: ಪಾಠ ಮೊಬೈಲಿನಲ್ಲಿ ಸಿಕ್ಕೀತು, ಆರ್ಟಿಕಲ್‌ಶಿಪ್‌ಗೆ ಮಾತ್ರ ಆಡಿಟರ ಕಚೇರಿಯಿರುವ ಊರಿಗೇ ಹೋಗಬೇಕು. ಅಲ್ಲಿ ಸಿಗುವ ಸ್ಟೈಫಂಡ್‌ನಲ್ಲಿ ರೂಮಿನ ಬಾಡಿಗೆ ಹುಟ್ಟುವುದು ಕಷ್ಟ. ಹುಡುಗಿಯರಿಗೆ ಅದರ ಜತೆ ಹಾಸ್ಟೆಲ್ ಪ್ರಶ್ನೆಯೂ ಇದೆ.

ಇಲ್ಲಿ ನಮ್ಮ ಸಂಘಟನೆಗಳು ಕೈ ಹಾಕಬೇಕು. ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಎಂಬಿಬಿಎಸ್, ಇಂಜಿನಿಯರಿಂಗ್ ಜತೆ ಸಿಎ ಎಂಬ ಸಾಲೂ ಇರಲಿ. ಅದಕ್ಕೆ ಬೇಕಾದದ್ದು ಕಾಲೇಜಿನ ಲಕ್ಷಗಟ್ಟಲೆ ಡೊನೇಶನ್ ಅಲ್ಲ, ಆ ಎರಡು ವರ್ಷದ ಊಟ, ವಸತಿ. ಐಸಿಎಐ ಶಾಖೆಯಿರುವ ಮಂಗಳೂರಿನಲ್ಲಿ ಈಗಾಗಲೇ ಕಚೇರಿ ಇಟ್ಟಿರುವ ನಮ್ಮ ಸಿಎಗಳು ವರ್ಷಕ್ಕೊಬ್ಬ ಘಟ್ಟದ ಮಗುವನ್ನು ಆರ್ಟಿಕಲ್‌ಗೆ ಸೇರಿಸಿಕೊಂಡರೆ ಅದೇ ದೊಡ್ಡ ಸಹಾಯ.

ಜಮಾಅತ್‌ಗಳ ಲೆಕ್ಕವೂ ಇದರಿಂದ ಹೊರಗಿಲ್ಲ. ವಕ್ಫ್ ಕಾಯ್ದೆಯ 2025ರ ತಿದ್ದುಪಡಿಯ ಕುರಿತು ನಮ್ಮ ತಕರಾರು ಬೇರೆಯೇ ಇದೆ. ಆದರೆ ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿದ ಆದಾಯವಿರುವ ವಕ್ಫ್‌ಗಳ ಲೆಕ್ಕ ಪರಿಶೋಧನೆ ಆಗಲೇಬೇಕೆಂಬುದಕ್ಕೆ ಯಾರೂ ತಕರಾರು ತೆಗೆಯಬೇಕಾಗಿಲ್ಲ. ಕುರ್‌ಆನ್‌ನ ಅತಿ ದೀರ್ಘ ಸೂಕ್ತ, ಅಲ್ ಬಖರದ 282ನೆಯದು, ನಮಾಜ್ ಉಪವಾಸದ ಬಗ್ಗೆ ಅಲ್ಲ, ಸಾಲದ ವ್ಯವಹಾರವನ್ನು ಸಾಕ್ಷಿಗಳ ಮುಂದೆ ಬರೆದಿಡುವ ಬಗ್ಗೆ. ಇದನ್ನು ವಅಳ್‌ಗಳಲ್ಲಿ ಎಷ್ಟು ಸಲ ಕೇಳಿದ್ದೇವೆ? ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚು ಓದಿ ಮುಗಿಸಿದ ಮೇಲೆ ಯುವಕನೊಬ್ಬ ಎದ್ದು "ವೋಚರ್ ತೋರಿಸ್ತೀರಾ?" ಎಂದರೆ ಅವನನ್ನು ಗದರಿಸಿ ಕೂರಿಸಬೇಡಿ. ಮುಂದಿನ ವರ್ಷದ ಲೆಕ್ಕ ನೋಡಲು ಅವನನ್ನೇ ನೇಮಿಸಿ.