ಸ್ನಾನವಿಲ್ಲದ ಐಕ್ಯವೆ?

ದೀಕ್ಷಾಸ್ನಾನವು ಕೇವಲ ಬಾಹ್ಯಾಚಾರವೆಂದೂ, ಕ್ರಿಸ್ತನೊಡನೆ ಐಕ್ಯವಾಗಲು ಏಕಾಂತದ ಭಕ್ತಿಪಠನವೊಂದೇ ಸಾಕೆಂದೂ ಕಳೆದ ಸಂಚಿಕೆಯ ಲೇಖಕರು ಸಂತ ಅಗಸ್ಟೀನನನ್ನು ಸಾಕ್ಷಿಗೆ ಕರೆದು ವಾದಿಸಿರುವುದು ಆ ಸಾಕ್ಷಿಗೇ ಎಸಗಿದ ಅನ್ಯಾಯ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಪೌಲನ ಪತ್ರಿಕೆಯನ್ನು ತೆರೆದು, ಮೊದಲು ಕಣ್ಣಿಗೆ ಬಿದ್ದ ವಾಕ್ಯವನ್ನೋದಿ ಸಂಶಯಮುಕ್ತನಾದ ಆತನು, ಓದಿನಲ್ಲಿಯೇ ಕೃತಾರ್ಥನಾದೆನೆಂದು ಕುಳಿತುಬಿಡದೆ, ತಾನು ಬೋಧಿಸುತ್ತಿದ್ದ ವಾಗ್ಮಿತಾಶಾಸ್ತ್ರದ ಪೀಠವನ್ನು ತ್ಯಜಿಸಿ, ದೀಕ್ಷಾರ್ಥಿಗಳ ನಡುವೆ ಹೆಸರು ಕೊಟ್ಟು, 387ರ ಈಸ್ಟರ್ ಜಾಗರಣೆಯಂದು ಹದಿಹರೆಯದ ಮಗನೊಡನೆ ಬಿಷಪ್ ಅಂಬ್ರೋಸನ ಕೈಯಿಂದ ಸ್ನಾನ ಹೊಂದಿದನು. ಗತಜೀವನದ ಕಳವಳವು ತನ್ನನ್ನು ತೊರೆದುದು ಆ ಸ್ನಾನದಿಂದಲೇ ಎಂದು ಆತನು ತಾನೇ ಬರೆದಿಟ್ಟಿರುವನು. ಭಕ್ತಿಪಠನವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಅಂದು ಆತನು ತೆರೆದ ರೋಮಾಪುರದವರಿಗೆ ಬರೆದ ಪತ್ರಿಕೆಯೇ ತನ್ನ 6ನೆಯ ಅಧ್ಯಾಯದಲ್ಲಿ, ದೀಕ್ಷಾಸ್ನಾನ ಹೊಂದಿದವರು ಕ್ರಿಸ್ತನ ಮರಣದಲ್ಲಿ ಪಾಲುಗೊಂಡು ಅವನೊಡನೆ ಹೂಳಲ್ಪಟ್ಟರೆಂದು ಸಾರುತ್ತಿರಲು, ಆ ಪುಟವನ್ನೇ ಹಿಡಿದು ಸ್ನಾನವನ್ನು ಅಲ್ಲಗಳೆಯುವುದೆಂತು?