ಎಂಟು ಪುಟದ ಹಾಳೆ

ಒಂದು ಎ4 ಹಾಳೆಯನ್ನು ಎಂಟು ಭಾಗವಾಗುವಂತೆ ಮಡಚಿ ಬಿಡಿಸಿ. ಉದ್ದದ ನಡುಗೆರೆಯ ಮೇಲೆ ಮಧ್ಯದ ಎರಡು ಭಾಗದಷ್ಟು ಉದ್ದ ಕತ್ತರಿ ಆಡಿಸಿ. ಮತ್ತೆ ಉದ್ದಕ್ಕೆ ಮಡಚಿ ಎರಡೂ ತುದಿಗಳನ್ನು ಒಳಕ್ಕೆ ನೂಕಿದರೆ ಅಂಗೈಯಗಲದ ಎಂಟು ಪುಟದ ಪುಸ್ತಕ ಸಿದ್ಧ. ಪಿನ್ನು ಬೇಡ, ಅಂಟು ಬೇಡ. ಹಾಳೆಯ ಒಂದೇ ಬದಿಗೆ ಬರೆದು, ಚಿತ್ರ ಬಿಡಿಸಿಟ್ಟರೆ ಉಳಿದದ್ದು ಜೆರಾಕ್ಸ್ ಅಂಗಡಿಯ ಕೆಲಸ. ಕಲಾವಿದರು ತಮ್ಮ ಸುತ್ತಲಿನ ಕಲೆಯ ಬಗ್ಗೆ ತಾವೇ ಬರೆದು ಹಂಚುವ ಇಂಥ ಪತ್ರಿಕೆಗೂ ಫ್ಯಾನ್‌ಜೀನ್ ಎನ್ನುತ್ತಾರೆ. ಹೆಸರು 1940ರಲ್ಲಿ ಅಮೆರಿಕದ ವಿಜ್ಞಾನಕಥೆಗಳ ಓದುಗರ ನಡುವೆ ಹುಟ್ಟಿದ್ದು. ಶಾಲೆಯಲ್ಲೋ ಹಾಸ್ಟೆಲ್ಲಿನಲ್ಲೋ ಕೈಬರಹದ ಪತ್ರಿಕೆ ಮಾಡಿದ ಯಾರಿಗೂ ಇಂಥ ಪತ್ರಿಕೆ ಹೊಸದೆನಿಸಲಾರದು.

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೂ ಪಕ್ಕದ ಬಂಗಾರಪೇಟೆಗೂ ಇಂಥದೊಂದು ಪತ್ರಿಕೆ ತೀರಾ ಅಗತ್ಯ ಎಂದು ನಾನು ನಂಬಿದ್ದೇನೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಈ ಊರನ್ನು ನೋಡಲು ಬಂದವರೆಲ್ಲ ಸೈನೈಡ್ ದಿಬ್ಬಗಳನ್ನೇ ನೋಡಿದರು. ಅರೆದ ಕಲ್ಲಿನಿಂದ ಚಿನ್ನ ತೆಗೆದ ಮೇಲೆ ಉಳಿದ ಬೂದುಬಣ್ಣದ ಹುಡಿ ಅದು. ಗಾಳಿಗೆ ಎದ್ದು ಗಣಿ ಕಾರ್ಮಿಕರ ಲೈನ್ ಮನೆಗಳ ಒಳಗೆ ಬಂದು ಕೂರುತ್ತದೆ. 2018ರ 'ಕೆಜಿಎಫ್' ಸಿನಿಮಾ ಅದೇ ದಿಬ್ಬಗಳ ಮೇಲೆ ತನ್ನ ಕಲ್ಪನೆಯ ಲೋಕವನ್ನು ಕಟ್ಟಿತು. ಅದು ಸಿನಿಮಾದ ಹಕ್ಕು. ಆದರೆ ಕೆಜಿಎಫ್ ಎಂದೊಡನೆ ದೇಶದ ಕಣ್ಣ ಮುಂದೆ ಬರುವ ಚಿತ್ರ ಅದೊಂದೇ ಆದಾಗ, ಆ ಹುಡಿಯನ್ನು ದಿನವೂ ಗುಡಿಸುವವರ ಕಣ್ಣಿಗೆ ಕಂಡದ್ದು ಎಲ್ಲಿ ದಾಖಲಾಗಬೇಕು?

ಈ ಊರು ಒಮ್ಮೆ ಆ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರು 1907ರಲ್ಲಿ ಮದ್ರಾಸಿನಲ್ಲಿ 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ಶುರುಮಾಡಿದರು. ಬೆಲೆ ಹೆಸರಿನಲ್ಲೇ ಇತ್ತು. 1914ರಲ್ಲಿ ಅವರು ತೀರಿಕೊಂಡರು. 1920ರ ದಶಕದಲ್ಲಿ ಜಿ. ಅಪ್ಪಾದುರೈ ಅದೇ 'ತಮಿಳನ್' ಪತ್ರಿಕೆಗೆ ಕೋಲಾರದ ಚಿನ್ನದ ಗಣಿಯಲ್ಲಿ ಮರುಜೀವ ಕೊಟ್ಟರು. ಇಲ್ಲಿನ ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪುಸ್ತಕ ಶಾಲೆ ಪಂಡಿತರ ಬರಹಗಳನ್ನು ಅಚ್ಚುಹಾಕಿತು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಲೆಕ್ಕಪುಸ್ತಕದಲ್ಲಿ ಎಷ್ಟು ಚಿನ್ನ ಮೇಲೆ ಬಂತೆಂಬುದು ಸಿಗುತ್ತದೆ. ಗಣಿಗೆ ಇಳಿಯುವ ದಲಿತ ಕುಟುಂಬಗಳು ಬುದ್ಧನ ಬಗ್ಗೆ, ಜಾತಿಯ ಬಗ್ಗೆ ಏನು ಚರ್ಚಿಸುತ್ತಿದ್ದವೆಂದು ತಿಳಿಯಲು ಈ ಸಣ್ಣ ಪತ್ರಿಕೆಗೇ ಹೋಗಬೇಕು. ಅದು ಕಲಾ ಪತ್ರಿಕೆಯಾಗಿರಲಿಲ್ಲ, ನಿಜ. ತಮ್ಮ ಮಾತನ್ನು ತಾವೇ ಅಚ್ಚುಹಾಕಿದವರ ಊರಿದು ಎಂಬುದಕ್ಕೆ ಮಾತ್ರ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಗೆಳೆಯರು ಗೆಳೆಯರನ್ನು ಹೊಗಳಿಕೊಳ್ಳುವ ಪತ್ರಿಕೆಗೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಕನ್ನಡ ಕಾವ್ಯದ ಕಥೆ ನೆನಪಿಸಿಕೊಳ್ಳಿ. ಕವಿ ಅಡಿಗರು 'ಸಾಕ್ಷಿ' ಪತ್ರಿಕೆ ನಡೆಸಿದರು. 1964ರಲ್ಲಿ ಧಾರವಾಡದಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಸೇರಿ 'ಸಂಕ್ರಮಣ' ತಂದರು. ಎಲ್ಲರೂ ಸ್ವತಃ ಬರೆಯುವವರೇ, ಪಕ್ಷಪಾತ ಇಲ್ಲದವರೇನಲ್ಲ. ಆ ಪುಟಗಳಲ್ಲಿ ಜಗಳವಾಡುತ್ತಲೇ ಹೊಸ ಬರವಣಿಗೆಯನ್ನು ಓದುವ ಭಾಷೆ ಬೆಳೆಯಿತು. ಚಿತ್ರಕಲೆಗೆ ಅಂಥ ಜಗಳದ ಜಾಗ ಕನ್ನಡದಲ್ಲಿ ಸಾಕಷ್ಟು ಸಿಗಲಿಲ್ಲ. ಪ್ರದರ್ಶನ ನಡೆಯುತ್ತದೆ, ಉದ್ಘಾಟಕರ ಫೋಟೊ ಪೇಪರಿನಲ್ಲಿ ಬರುತ್ತದೆ, ಗೋಡೆಯ ಮೇಲಿನ ಚಿತ್ರದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಾಡಿನ ಕಥೆಯೂ ಬೇರೆಯಲ್ಲ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರ ಆದಿಮ ಸಾಂಸ್ಕೃತಿಕ ಕೇಂದ್ರ ನಡೆಸಿದ 'ಹುಣ್ಣಿಮೆ ಹಾಡು' ಕಾರ್ಯಕ್ರಮ ಎಷ್ಟೋ ರಾತ್ರಿಗಳನ್ನು ಬೆಳಗಿತು. ಅಂಥ ರಾತ್ರಿಗಳನ್ನು ಮರುದಿನವೇ ಬರೆದಿಟ್ಟುಕೊಳ್ಳಬಲ್ಲವರು ಅಲ್ಲಿ ಕೂತು ಕೇಳಿದವರು, ತಮಟೆ ಬಡಿದವರು.

ಕೈಬರಹಕ್ಕೆ ಇಲ್ಲಿ ಇನ್ನೊಂದು ಅನುಕೂಲವೂ ಇದೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಒಂದೇ ಬೀದಿಯಲ್ಲಿ ತಮಿಳು, ಕನ್ನಡ, ತೆಲುಗು, ಉರ್ದು ಕೇಳುತ್ತವೆ. ಜೆರಾಕ್ಸ್ ಯಂತ್ರಕ್ಕೆ ಲಿಪಿಭೇದವಿಲ್ಲ. ಒಂದೇ ಪುಟದಲ್ಲಿ ನಾಲ್ಕೂ ಇರಬಹುದು, ಪಕ್ಕದಲ್ಲಿ ಪೆನ್ಸಿಲ್ ಗೆರೆಯೂ. ಮಾರಿಕುಪ್ಪಂನಿಂದ ಬಂಗಾರಪೇಟೆ ಜಂಕ್ಷನ್ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರ ಬೆಳಗಿನ ರೈಲಿನಲ್ಲಿ ಅದು ಕೈಯಿಂದ ಕೈಗೆ ಹೋಗಲಿ.

ಮೊದಲ ಸಂಚಿಕೆಗೆ ಹಳೆಯ ಬೋರ್ಡ್ ಬರೆಯುವವರನ್ನು ಹುಡುಕಬೇಕು. ಫ್ಲೆಕ್ಸ್ ಬಂದು ಕುಂಚ ಕೆಳಗಿಟ್ಟವರು ಅವರು. ಪಕ್ಕದಲ್ಲಿ ಕೂತು ಕೇಳಬೇಕು: ತಮಿಳಿನ ಸುರುಳಿ ಮುಗಿಸಿ ಕನ್ನಡದ ತಲೆಕಟ್ಟಿಗೆ ಬಂದಾಗ ಕುಂಚ ಬದಲಿಸುತ್ತಿದ್ದಿರಾ, ಇಲ್ಲ ಅದೇ ಕುಂಚವನ್ನು ಸ್ವಲ್ಪ ಓರೆ ಹಿಡಿಯುತ್ತಿದ್ದಿರಾ?